ಮೊದಲ ಪೀರಿಯಡ್‌ಗೆ ಬಾರದ ಹುಡುಗಿ: ಜಾತಿ, ಕೂಲಿ, ಹೆಣ್ಣು ಮತ್ತು ಒಂದು ಹಾಜರಾತಿ ಪಟ್ಟಿ

ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಬಿ.ಎ. ಕೊನೆಯ ವರ್ಷದ ತರಗತಿ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನೋಟಿಸ್ ಬೋರ್ಡಿಗೆ ಹಾಜರಾತಿ ಕೊರತೆಯ ಪಟ್ಟಿ ಅಂಟಿಸುತ್ತಾರೆ. ಶೇಕಡಾ 75 ತುಂಬದಿದ್ದರೆ ಆ ವಿಷಯದ ಪರೀಕ್ಷೆಗೆ ಕೂರುವಂತಿಲ್ಲ. ಆ ಸಲದ ಪಟ್ಟಿಯಲ್ಲಿ ಎಂದಿನ ಹೆಸರುಗಳೇ ಇದ್ದವು, ಒಂದು ಬಿಟ್ಟು. ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುವ ಹುಡುಗಿಯ ಹೆಸರು ಅದರಲ್ಲಿತ್ತು. ಎರಡು ವಿಷಯಗಳಲ್ಲಿ ಕೊರತೆ: ಕನ್ನಡ ಮತ್ತು ಸಮಾಜಶಾಸ್ತ್ರ. ಉಳಿದವುಗಳಲ್ಲಿ ಹಾಜರಾತಿ ಧಾರಾಳವಾಗಿತ್ತು. ಟೈಮ್‌ಟೇಬಲ್ ಪಕ್ಕಕ್ಕಿಟ್ಟು ನೋಡಿದರೆ ಕಾರಣ ಕಾಣುತ್ತಿತ್ತು. ವಾರದ ಆರೂ ದಿನ ಮೊದಲ ಪೀರಿಯಡ್ ಈ ಎರಡರಲ್ಲಿ ಒಂದಕ್ಕೆ ಮೀಸಲಾಗಿತ್ತು.

ಕನ್ನಡ ಪಾಠ ಮಾಡುವವಳು ನಾನೇ. ಈ ಪ್ರಕರಣವನ್ನು ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ. ಹೆಸರು, ಹಳ್ಳಿ, ವರ್ಷ ಯಾವುದೂ ಇಲ್ಲಿ ಬರುವುದಿಲ್ಲ. ಅವಳು ಹಾಕಿದ ಷರತ್ತು ಒಂದೇ: "ನಾನು ಇದುವರೆಗೆ ಒಂದು ಸಬ್ಜೆಕ್ಟೂ ಫೇಲ್ ಆಗಿಲ್ಲ ಅಂತ ಬರೀರಿ ಮೇಡಂ." ಬರೆದಿದ್ದೇನೆ.

ಗೂಡು, ಬಿಸಿನೀರು, ಅಡ್ವಾನ್ಸ್

ಅವಳ ಮನೆ ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಮಾತು ತೆಲುಗು. ಇದೇನೂ ವಿಶೇಷವಲ್ಲ, ಕೋಲಾರ-ಚಿಕ್ಕಬಳ್ಳಾಪುರ ಕಡೆ ಎಷ್ಟೋ ಮನೆಗಳಲ್ಲಿ ಹೊಸ್ತಿಲೊಳಗೆ ತೆಲುಗು, ಹೊಸ್ತಿಲಾಚೆ ಕನ್ನಡ. ಮಾದಿಗ ಸಮುದಾಯದ ಕುಟುಂಬ. ಜಮೀನಿಲ್ಲ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡುತ್ತಾರೆ, ಕೆಲಸವಿದ್ದಷ್ಟು ದಿನ ಅಲ್ಲೇ ಇರುತ್ತಾರೆ. ಅಮ್ಮ ಶಿಡ್ಲಘಟ್ಟ ಪೇಟೆಯಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಸಣ್ಣ ಘಟಕದಲ್ಲಿ ಕೂಲಿ. ತಮ್ಮ ಪಿಯುಸಿ ಓದುತ್ತಿದ್ದಾನೆ, ಹಾಸ್ಟೆಲ್‌ನಲ್ಲಿದ್ದಾನೆ. ಈ ಕೊನೆಯ ವಾಕ್ಯವನ್ನು ನೆನಪಿಟ್ಟುಕೊಳ್ಳಿ.

ಶಿಡ್ಲಘಟ್ಟ ಅಂದರೆ ರೇಷ್ಮೆ. ರಾಮನಗರದ ಹಾಗೆ ಇಲ್ಲಿಯದೂ ದೊಡ್ಡ ಗೂಡಿನ ಮಾರುಕಟ್ಟೆ. ಸುತ್ತಲಿನ ರೈತರು ಹಿಪ್ಪುನೇರಳೆ ಬೆಳೆದು, ಹುಳ ಸಾಕಿ, ಗೂಡು ತಂದು ಹರಾಜಿಗೆ ಹಾಕುತ್ತಾರೆ. ಅದನ್ನು ಕೊಂಡವರು ನೂಲು ಬಿಚ್ಚುತ್ತಾರೆ. ಬಿಚ್ಚುವುದೆಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಬೇಕು. ಅಂಟು ಸಡಿಲವಾಗುತ್ತದೆ. ಆಗ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆ ಒಟ್ಟು ಮಾಡಿ ರಾಟೆಗೆ ಕೊಡಬೇಕು. ಎಳೆ ತುಂಡಾದಾಗಲೆಲ್ಲ ಬೆರಳು ಮತ್ತೆ ಬಿಸಿನೀರಿಗೆ ಇಳಿಯಬೇಕು. ಬೆರಳ ತುದಿ ಬೆಳ್ಳಗೆ ಉಬ್ಬುತ್ತದೆ, ಸಿಪ್ಪೆ ಏಳುತ್ತದೆ, ಆಮೇಲೆ ಹುಣ್ಣು. ಗೂಡಿನೊಳಗೆ ಬೆಂದ ಹುಳದ ವಾಸನೆ ಬೇರೆ. ಅದು ಸೋಪಿಗೆ ಹೋಗುವ ವಾಸನೆಯಲ್ಲ.

ಅವಳು ಬೆಳಗ್ಗೆ ಕತ್ತಲಿರುವಾಗಲೇ ಅಮ್ಮನ ಜೊತೆ ಘಟಕಕ್ಕೆ ಹೋಗುತ್ತಿದ್ದಳು. ಮೂರು ಗಂಟೆ ಬೇಸಿನ್ ಮುಂದೆ ಕೂತು, ಕೈ ತೊಳೆದು, ಬಸ್ ಹಿಡಿದು ಬರುವಷ್ಟರಲ್ಲಿ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಬಸ್ಸಿನ ದುಡ್ಡಿನ ತಾಪತ್ರಯ ಇರಲಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ಅದಕ್ಕೇ ಸ್ಟಾಫ್ ರೂಮಿನಲ್ಲಿ ಒಬ್ಬರು, "ಬಸ್ಸೂ ಫ್ರೀ, ಫೀಸೂ ಫ್ರೀ, ಇನ್ನೇನು ಪಲ್ಲಕ್ಕಿ ಕಳಿಸಬೇಕಾ?" ಅಂದಿದ್ದರು.

ಬೆಳಗಿನ ಹೊತ್ತೇ ಯಾಕೆ? ಸಂಜೆ ಮಾಡಬಾರದಿತ್ತಾ? ಇಲ್ಲಿ ಅಡ್ವಾನ್ಸಿನ ಲೆಕ್ಕ ಬರುತ್ತದೆ. ಅಪ್ಪ ಒಮ್ಮೆ ಸಾರುವೆಯಿಂದ ಬಿದ್ದು ಮಲಗಿದಾಗ ಘಟಕದ ಮಾಲೀಕರಿಂದ ಮುಂಗಡ ತಗೊಂಡಿದ್ದರು. ಅದು ತೀರುವ ತನಕ ಕೆಲಸ ಬಿಡುವಂತಿಲ್ಲ. ಮುಂಗಡ ಕೊಡುವಾಗಲೇ ಮಾತಾಗಿತ್ತು: ಅಮ್ಮನ ಜೊತೆ ಇನ್ನೊಂದು ಜೊತೆ ಕೈ ಬರಬೇಕು. ಗೂಡು ಬೇಯಿಸುವ ಕೆಲಸ ಶುರುವಾಗುವುದು ಬೆಳಗ್ಗೆ, ಆಗಲೇ ಕೈ ಬೇಕು. ಮಾಲೀಕರೂ ಸಾಹುಕಾರರೇನಲ್ಲ. ಸಾಬರ ಕೇರಿಯಲ್ಲಿ ಮನೆಯ ಹಿಂಬದಿಗೆ ಶೀಟು ಹೊದಿಸಿ ನಾಲ್ಕು ಬೇಸಿನ್ ಇಟ್ಟುಕೊಂಡವರು. ಗೂಡಿನ ರೇಟು ಏರಿದ ವಾರ, ನೂಲಿನ ರೇಟು ಇಳಿದ ವಾರ ಅವರೂ ಯಾರ ಹತ್ತಿರವೋ ಕೈಚಾಚುತ್ತಾರೆ. ಅವರ ಮಗಳೂ ನಮ್ಮ ಕಾಲೇಜಿನಲ್ಲೇ ಓದುತ್ತಾಳೆ. ಅವಳೂ ನೂಲು ಬಿಚ್ಚುತ್ತಾಳೆ, ಆದರೆ ಸಂಜೆ, ತನ್ನ ಮನೆಯಲ್ಲಿ, ಕೂಲಿ ಇಲ್ಲದೆ. ಅವಳ ಹಾಜರಾತಿಗೆ ತೊಂದರೆಯಿಲ್ಲ. ಅವಳ ತೊಂದರೆಗಳು ಬೇರೆ, ಆ ಕಥೆಗೆ ಬೇರೆಯೇ ಪ್ರಕರಣ ಬೇಕು.

ವಾಸನೆಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ಹುಡುಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಒಬ್ಬಳೇ. ಜಗಳವಾಗಿ ಅಲ್ಲ. ಪಕ್ಕದವರು ಒಂದೊಂದು ದಿನ ಒಂದೊಂದು ನೆಪ ಹೇಳಿ ಮುಂದಿನ ಬೆಂಚಿಗೆ ಹೋಗಿದ್ದರು. ನಾನು ಒಕ್ಕಲಿಗರ ಮನೆಯವಳು. ನಮ್ಮ ಮನೆಯಲ್ಲೂ ಹುಳ ಮೇಯಿಸುತ್ತಿದ್ದರು. ನಡುಮನೆಯಲ್ಲೇ ತಟ್ಟೆಗಳು, ಹುಳ ಗೂಡು ಕಟ್ಟುವ ಚಂದ್ರಿಕೆಗಳು. ಹುಳ ಹಣ್ಣಾಗುವ ಹೊತ್ತಿಗೆ ನನ್ನ ಲಂಗ, ಪುಸ್ತಕ, ತಲೆಗೂದಲು ಎಲ್ಲಾ ಅದೇ ವಾಸನೆ. ಆಗ ಶಾಲೆಯಲ್ಲಿ ಯಾರೂ ನನ್ನ ಪಕ್ಕದಿಂದ ಎದ್ದು ಹೋಗಿರಲಿಲ್ಲ. "ಈ ಸಲ ಗೂಡು ಎಷ್ಟಕ್ಕೆ ಹೋಯ್ತೇ?" ಅಂತ ಮೇಷ್ಟರೇ ಕೇಳುತ್ತಿದ್ದರು. ಹುಳ ಒಂದೇ. ಜಮೀನಿದ್ದವರ ಮೈಮೇಲೆ ಅದು ಬೆಳೆಯ ವಾಸನೆ, ಕೂಲಿಯವಳ ಕೈಯಲ್ಲಿ ಅದು ಜಾತಿಯ ವಾಸನೆ.

ಮೂರು ಮೇಜು

ಪಟ್ಟಿ ಬಂದ ಮೇಲೆ ಅವಳನ್ನು ಕರೆದುಕೊಂಡು ಕಾಲೇಜಿನೊಳಗೇ ಮೂರು ಕಡೆ ಓಡಾಡಿದೆ.

ಮೊದಲು ಎಸ್‌ಸಿ-ಎಸ್‌ಟಿ ಘಟಕ. ಅದರ ಸಂಚಾಲಕರು ಇತಿಹಾಸದ ಸರ್. ತಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಓದಿದವರು, ಹಾಸ್ಟೆಲ್ ಊಟದಲ್ಲಿ ಬೆಳೆದವರು, ಮಕ್ಕಳ ಪರವಾಗಿ ಎಲ್ಲಿಗೆ ಬೇಕಾದರೂ ನುಗ್ಗುವವರು. ಕಡತ ತೆಗೆದು ನೋಡಿದರು. ವಿದ್ಯಾರ್ಥಿವೇತನ ಮಂಜೂರಾಗಿದೆ, ಬ್ಯಾಂಕಿಗೆ ಬಂದಿದೆ. ತರಗತಿಯಲ್ಲಿ ಜಾತಿ ಹಿಡಿದು ಬೈದವರಿದ್ದಾರಾ ಅಂತ ಕೇಳಿದರು. ಇಲ್ಲ ಅಂದಳು. ಬೆಂಚಿನ ವಿಷಯ ಹೇಳಲಿಲ್ಲ, ಹೇಳುವುದಕ್ಕೆ ಏನಿತ್ತು? "ನಮ್ಮ ಹುಡುಗರು ಇನ್ನೂ ದೂರದಿಂದ ಬರ್ತಾರೆ ಮೇಡಂ, ಎಂಟು ಮುಕ್ಕಾಲಿಗೆ ಗೇಟ್‌ ಹತ್ರ ಇರ್ತಾರೆ" ಅಂದರು ಸರ್. ಅದು ನಿಜವೂ ಹೌದು. ಹುಡುಗರು ಇರುತ್ತಾರೆ.

ಆಮೇಲೆ ಮಹಿಳಾ ಘಟಕ. ವಾಣಿಜ್ಯ ವಿಭಾಗದ ಮೇಡಂ ನೋಡಿಕೊಳ್ಳುತ್ತಾರೆ. ಒಳ್ಳೆಯವರು. ಆತ್ಮರಕ್ಷಣೆಯ ತರಬೇತಿ, ರಕ್ತಹೀನತೆಯ ತಪಾಸಣೆ, ಮಾರ್ಚ್ 8ರ ಕಾರ್ಯಕ್ರಮ ಎಲ್ಲಾ ಅಚ್ಚುಕಟ್ಟು. ಅವರು ಕೇಳಿದ್ದು: ದಾರಿಯಲ್ಲಿ ಯಾರಾದರೂ ಚುಡಾಯಿಸ್ತಾರಾ? ಮನೆಯಲ್ಲಿ ಮದುವೆಗೆ ಬಲವಂತ ಇದೆಯಾ? ಎರಡಕ್ಕೂ ಇಲ್ಲ. "ಮತ್ತೆ ಬೇರೆ ಹೆಣ್ಣುಮಕ್ಕಳೆಲ್ಲ ಟೈಮಿಗೆ ಸರಿಯಾಗಿ ಬರ್ತಾರಲ್ಲಮ್ಮ?" ಅದೂ ನಿಜ. ಬರುತ್ತಾರೆ.

ಮೂರನೆಯದು ಬಡ ವಿದ್ಯಾರ್ಥಿ ನಿಧಿ. ಅದು ಪ್ರಾಂಶುಪಾಲರ ಕೈಯಲ್ಲಿದೆ. ಪರೀಕ್ಷಾ ಶುಲ್ಕ ಕಟ್ಟಲಾಗದವರಿಗೆ ಕಟ್ಟುತ್ತಾರೆ. ಇವಳು ಕಟ್ಟಿದ್ದಳು. ನಮ್ಮ ತರಗತಿಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಕಾಲೇಜಿಗೆ ಬರುವ ಇಬ್ಬರು ಹುಡುಗರಿದ್ದಾರೆ, ನಿದ್ದೆಗಣ್ಣಲ್ಲೇ ಮೊದಲ ಪೀರಿಯಡ್ ಕೂರುತ್ತಾರೆ. ಪ್ರಾಂಶುಪಾಲರು ಅವರನ್ನೇ ಉದಾಹರಣೆ ಕೊಟ್ಟರು. "ಬಡತನ ಅವರಿಗಿಲ್ವಾ?"

ಗಮನಿಸಿ. ಮೂವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಟ್ಟವರಲ್ಲ. ಒಬ್ಬರು ಅವಳನ್ನು ದಲಿತ ಹುಡುಗರ ಪಕ್ಕ ನಿಲ್ಲಿಸಿ ನೋಡಿದರು. ಒಬ್ಬರು ಬೇರೆ ಜಾತಿಯ ಹೆಣ್ಣುಮಕ್ಕಳ ಪಕ್ಕ, ಇನ್ನೊಬ್ಬರು ಬಡ ಗಂಡುಮಕ್ಕಳ ಪಕ್ಕ. ಪ್ರತಿ ಸಲವೂ ಉತ್ತರ ಒಂದೇ: ಅವರಿಗೆ ಆಗುತ್ತೆ, ನಿನಗ್ಯಾಕೆ ಆಗಲ್ಲ? ಅವಳಂಥವಳೇ ಇನ್ನೊಬ್ಬಳ ಪಕ್ಕ ನಿಲ್ಲಿಸಿ ನೋಡುವ ಮೇಜು ಕಾಲೇಜಿನಲ್ಲಿ ಇರಲಿಲ್ಲ. ನಿಯಮಗಳೇ ಹಾಗೆ ಬೇರೆ ಬೇರೆಯಾಗಿ ಕಟ್ಟಿವೆ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಜಾತಿ ತಾರತಮ್ಯದಂಥ ದೂರುಗಳಿಗೆಂದು ಸಮಾನತೆಯ ನಿಯಮಗಳನ್ನು ತಂದದ್ದು 2012ರಲ್ಲಿ. ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿಗಳಿಗೆ ಬೇರೆ ನಿಯಮ ಜಾರಿಗೆ ಬಂದದ್ದು 2016ರಲ್ಲಿ. ಎರಡೂ ಬೇಕಾದವೇ. ಆದರೆ ಎರಡೂ ದೂರಿಗಾಗಿ ಕಾಯುತ್ತವೆ. ಇವಳ ಹತ್ತಿರ ದೂರು ಕೊಡಲು ಒಬ್ಬ ತಪ್ಪಿತಸ್ಥನೂ ಇರಲಿಲ್ಲ.

ಸೇಂಟ್ ಲೂಯಿಸ್‌ನ ಐವರು ಹೆಂಗಸರು

ಇಂಥದ್ದೇ ಒಂದು ವಾದವನ್ನು ಅಮೆರಿಕದ ಕೋರ್ಟೊಂದು 1976ರಲ್ಲಿ ಕೇಳಿತ್ತು. ಸೇಂಟ್ ಲೂಯಿಸ್‌ನ ಜನರಲ್ ಮೋಟರ್ಸ್ ಕಾರ್ಖಾನೆಯ ವಿರುದ್ಧ ಐವರು ಕಪ್ಪು ಹೆಂಗಸರು ದಾವೆ ಹೂಡಿದ್ದರು. ಎಮ್ಮಾ ಡಿಗ್ರಾಫನ್‌ರೀಡ್ ಅವರಲ್ಲೊಬ್ಬರು. ಕಂಪನಿ 1964ಕ್ಕೆ ಮುಂಚೆ ಕಪ್ಪು ಹೆಂಗಸರನ್ನು ಕೆಲಸಕ್ಕೆ ತಗೊಂಡಿರಲಿಲ್ಲ. ಆಮೇಲೆ ತಗೊಂಡಿತು. ಎಪ್ಪತ್ತರ ದಶಕದ ಹಿಂಜರಿತ ಬಂದಾಗ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಜಾರಿಯಾಯಿತು. 1970ರ ನಂತರ ಸೇರಿದ ಕಪ್ಪು ಹೆಂಗಸರೆಲ್ಲ ಮನೆಗೆ ಹೋದರು. ಕೋರ್ಟ್ ಏನಂದಿತು? ಕಂಪನಿಯಲ್ಲಿ ಹೆಂಗಸರು ಮೊದಲಿಂದಲೂ ಇದ್ದಾರೆ, ಹಾಗಾಗಿ ಹೆಣ್ಣೆಂಬ ತಾರತಮ್ಯ ಇಲ್ಲ. ಇದ್ದ ಆ ಹೆಂಗಸರು ಬಿಳಿಯರು. ಬಣ್ಣದ ತಾರತಮ್ಯ ಅನ್ನುವುದಾದರೆ ಅದೇ ಕಂಪನಿಯ ಮೇಲಿರುವ ಬಣ್ಣಭೇದದ ಇನ್ನೊಂದು ದಾವೆಯ ಜೊತೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ ಹೊಸದೊಂದು ಹಕ್ಕು ಕೇಳುವಂತಿಲ್ಲ.

ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಈ ತೀರ್ಪನ್ನೂ ಇನ್ನೆರಡನ್ನೂ ಇಟ್ಟುಕೊಂಡು ಒಂದು ಲೇಖನ ಬರೆದರು. ಇಂಟರ್‌ಸೆಕ್ಷನಾಲಿಟಿ, ಅಂದರೆ ಹಲವು ತಾರತಮ್ಯಗಳು ಒಬ್ಬರ ಮೇಲೇ ಕೂಡಿ ಬೀಳುವುದು, ಎಂಬ ಮಾತು ಚಾಲ್ತಿಗೆ ಬಂದದ್ದು ಅಲ್ಲಿಂದ. ಈಗ ಅದು ಸೆಮಿನಾರುಗಳ ಬ್ಯಾನರ್ ಮೇಲೆಲ್ಲಾ ಕಾಣುತ್ತದೆ. ಬ್ಯಾನರ್ ಕಟ್ಟುವವರಲ್ಲಿ ಎಷ್ಟು ಜನ ಆ ಐವರ ಕೆಲಸ ಹೋದ ಕಥೆ ಓದಿದ್ದಾರೋ. ನನಗೆ ಈ ವಿಚಾರ ಉಪಯೋಗಕ್ಕೆ ಬಂದದ್ದು ಒಂದೇ ಕಾರಣಕ್ಕೆ. ನಮ್ಮ ಮೂರು ಮೇಜುಗಳು ಮಾಡಿದ್ದು ಆ ಕೋರ್ಟ್ ಮಾಡಿದ್ದನ್ನೇ, ಮತ್ತು ಆ ಕೋರ್ಟಿನ ಹಾಗೇ ಯಾವ ದುರುದ್ದೇಶವೂ ಇಲ್ಲದೆ.

ಜಾತಿ ಮತ್ತು ಜನಾಂಗ ಒಂದೇ ಅಲ್ಲ. ನಮ್ಮಲ್ಲಿ ಬಣ್ಣ ನೋಡಿ ಜಾತಿ ಹೇಳಲಾಗದು. ಅಲ್ಲಿ ಕೈಯ ಕಸುಬಿಗೂ ಮುಟ್ಟುವುದಕ್ಕೂ ಇಲ್ಲಿಯಂಥ ಗಂಟಿಲ್ಲ. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮಾವೇಶದಲ್ಲಿ ಜಾತಿಯನ್ನು ಜನಾಂಗಭೇದದ ಚರ್ಚೆಗೆ ತರಬಾರದೆಂದು ಭಾರತ ಸರ್ಕಾರ ಪಟ್ಟು ಹಿಡಿದದ್ದು ಗೊತ್ತಿರುವುದೇ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸ ಅದಕ್ಕಿಂತ ಹಳೆಯದು. ಅಂಬೇಡ್ಕರ್ 1946ರಲ್ಲೇ ಅಮೆರಿಕದ ಕಪ್ಪು ಚಿಂತಕ ಡು ಬಾಯ್ಸ್‌ಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ಅಲ್ಲಿಯ ಕಪ್ಪು ಜನರ ಸ್ಥಿತಿ ಎಷ್ಟು ಹೋಲುತ್ತದೆ ಎಂದಿದ್ದರು. ಮುಂಬೈಯ ಯುವ ಬರಹಗಾರರು 1972ರಲ್ಲಿ ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ನೆನಪಿನಲ್ಲೇ ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡರು.

ಬೆಳ್ಳಿಯ ಉತ್ತರ ಪತ್ರಿಕೆ

ಈ ಪ್ರಕರಣಕ್ಕೆ ಇನ್ನೊಂದು ಕಾಗದವಿದೆ. ಅದು ಪಟ್ಟಿಗಿಂತ ಮೊದಲಿನದು.

ಆ ಸೆಮಿಸ್ಟರ್ ನಾವು ಶಿವರಾಮ ಕಾರಂತರ 'ಚೋಮನ ದುಡಿ' ಓದುತ್ತಿದ್ದೆವು. 1933ರ ಕಾದಂಬರಿ, ಸ್ವಂತ ಬೇಸಾಯಕ್ಕೆ ಹಂಬಲಿಸುವ ಅಸ್ಪೃಶ್ಯ ಕೂಲಿಯಾಳು ಚೋಮನ ಕಥೆ. ಕಿರುಪರೀಕ್ಷೆಯ ಪ್ರಶ್ನೆ ಎಲ್ಲರಿಗೂ ಬಾಯಿಪಾಠವಾದದ್ದೇ: ಚೋಮನ ಬೇಸಾಯದ ಆಸೆ ಹೇಗೆ ಭಗ್ನವಾಗುತ್ತದೆ? ಉಳಿದವರೆಲ್ಲ ಎತ್ತು, ಭೂಮಿ, ಒಡೆಯ, ದುಡಿಯ ಸದ್ದು ಅಂತ ನೋಟ್ಸಿನಲ್ಲಿದ್ದದ್ದನ್ನು ಬರೆದರು. ಇವಳು ಬರೆದದ್ದು ಬೆಳ್ಳಿಯ ಬಗ್ಗೆ. ಚೋಮನ ಸಾಲ ತೀರಿಸಲು ಕಾಫಿ ತೋಟಕ್ಕೆ ದುಡಿಯಲು ಹೋಗುವ ಮಗಳು. ಆ ಸಾಲ ಕೊನೆಗೆ ಮನ್ನಾ ಆಗುವುದು ಅವಳ ಮೈಯ ಬೆಲೆಗೆ ಎಂದು ಓದಿದವರಿಗೆ ಗೊತ್ತು. ಇವಳ ಒಂದು ಸಾಲು: "ಸಾಲ ಮಾಡಿದ್ದು ಚೋಮ, ತೀರಿಸಿದ್ದು ಬೆಳ್ಳಿ. ಬೆಳ್ಳಿಗೆ ಏನಾಸೆ ಇತ್ತು ಅಂತ ಪ್ರಶ್ನೆ ಪತ್ರಿಕೆಯಲ್ಲಿ ಯಾರೂ ಕೇಳುವುದಿಲ್ಲ."

ಆ ಪತ್ರಿಕೆ ನೋಡಿದವರು ನನ್ನ ಸಹೋದ್ಯೋಗಿ. ಪ್ರಶ್ನೆಗೆ ಉತ್ತರವಲ್ಲ ಎಂದು ಹತ್ತಕ್ಕೆ ನಾಲ್ಕು ಹಾಕಿದ್ದರು. ಪ್ರಶ್ನೆಯನ್ನು ಕಟ್ಟಾಗಿ ಹಿಡಿದರೆ ಅವರ ಅಂಕ ತಪ್ಪಲ್ಲ. ತಪ್ಪಿರುವುದು ಪ್ರಶ್ನೆಯಲ್ಲಿ. ಕಾರಂತರು ಬೆಳ್ಳಿಯನ್ನು ಕಡೆಗಣಿಸಿಲ್ಲ. ತೋಟದಲ್ಲಿ ಅವಳಿಗಾಗುವುದನ್ನು ಬರೆದೇ ಬರೆದಿದ್ದಾರೆ. ಕಡೆಗಣಿಸಿದ್ದು ನಮ್ಮ ನೋಟ್ಸು, ಗೈಡು, ಪ್ರಶ್ನೆ ಪತ್ರಿಕೆಗಳು. ಜಾತಿಯ ಕಾದಂಬರಿ ಎಂದು ಶೀರ್ಷಿಕೆ ಕೊಟ್ಟ ಕೂಡಲೇ ನೋವು ಗಂಡಸಿನದಾಗುತ್ತದೆ. ಬೆಳ್ಳಿ ಆ ನೋವಿನ ಒಂದು ಉಪಕಥೆಯಾಗುತ್ತಾಳೆ.

ನಮ್ಮ ಆ ವರ್ಷದ ಪಠ್ಯವನ್ನು ಇದೇ ಕಣ್ಣಿನಿಂದ ನೋಡಿದೆ. ದಲಿತ ಸಂವೇದನೆ ಎಂಬ ಘಟಕದಲ್ಲಿದ್ದವರೆಲ್ಲ ಗಂಡಸರು. ಸ್ತ್ರೀ ಸಂವೇದನೆ ಎಂಬ ಘಟಕದಲ್ಲಿದ್ದವರೆಲ್ಲ ಮೇಲ್ಜಾತಿಯ ಹೆಂಗಸರು. ಅಮೆರಿಕದಲ್ಲಿ 1982ರಲ್ಲಿ ಬಂದ ಕಪ್ಪು ಹೆಂಗಸರ ಅಧ್ಯಯನಗಳ ಒಂದು ಸಂಕಲನದ ಹೆಸರೇ ಹೆಚ್ಚುಕಡಿಮೆ ಹೀಗೆ ಶುರುವಾಗುತ್ತದೆ: ಹೆಂಗಸರೆಲ್ಲ ಬಿಳಿಯರು, ಕಪ್ಪು ಜನರೆಲ್ಲ ಗಂಡಸರು. ನಮ್ಮ ಪರಿವಿಡಿಗೆ ಬಿಳಿಯರ ಜಾಗದಲ್ಲಿ ಮೇಲ್ಜಾತಿ ಅಂತ ಬರೆದರೆ ಸಾಕು.

ಕನ್ನಡದಲ್ಲಿ ಇದಕ್ಕೊಂದು ಚರಿತ್ರೆಯಿದೆ. 1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದುಬಿಟ್ಟರು. ಗಲಾಟೆಯಾಯಿತು, ಹಾಸ್ಟೆಲ್ ಹುಡುಗರು ಏಟು ತಿಂದರು, ಮಂತ್ರಿಗಿರಿ ಹೋಯಿತು. ಆ ಗಲಾಟೆಯ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, ದಲಿತ-ಬಂಡಾಯ ಬರವಣಿಗೆ ಬಂತು. ಕೋಲಾರ ಸೀಮೆಯಲ್ಲಿ ಆ ಹೋರಾಟದ ಹಾಡುಗಳನ್ನು ಕೇಳದ ಕೇರಿ ಇರಲಿಲ್ಲ. ಕೇರಿಯ ಗಂಡುಮಕ್ಕಳಿಗೆ ಅದರಿಂದ ಪೆನ್ನು ಸಿಕ್ಕಿತು. ಹೆಣ್ಣುಮಕ್ಕಳು ಬರೆದದ್ದು ಪಠ್ಯದೊಳಗೆ ಬರುವುದಕ್ಕೆ ಬಹಳ ಕಾಲ ಬೇಕಾಯಿತು, ಇನ್ನೂ ಬೇಕಾಗುತ್ತಿದೆ.

ಪಠ್ಯದಲ್ಲಿಲ್ಲದಿದ್ದರೂ ನಾನು ಎರಡನ್ನು ತರಗತಿಗೆ ಒಯ್ದೆ. ಒಂದು, ಮುಕ್ತಾ ಸಾಳ್ವೆಯ ಪ್ರಬಂಧ. ಪುಣೆಯಲ್ಲಿ ಫುಲೆ ದಂಪತಿಯ ಶಾಲೆಯಲ್ಲಿ ಓದಿದ, ಅಸ್ಪೃಶ್ಯರೆನಿಸಿದ ಮಾಂಗ್ ಜಾತಿಯ ಹುಡುಗಿ. ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಮಾಂಗ್-ಮಹಾರರ ದುಃಖದ ಬಗ್ಗೆ ಬರೆದಳು. 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ನಮಗೆ ಸೇರಿದ್ದಲ್ಲವಾದರೆ ನಮ್ಮ ಧರ್ಮ ಯಾವುದು ಎಂದು ದೇವರನ್ನೇ ಕೇಳುತ್ತಾಳೆ. ಅಷ್ಟಕ್ಕೆ ನಿಲ್ಲುವುದಿಲ್ಲ. ತಲೆಯ ಮೇಲೆ ಸೂರಿಲ್ಲದೆ, ಮಳೆ-ಚಳಿಯಲ್ಲಿ ಹೆರುವ ತಮ್ಮ ಹೆಂಗಸರ ಸಂಕಟ ಬರೆಯುತ್ತಾಳೆ. ಜಾತಿ, ಬಡತನ, ಬಸಿರು ಮೂರೂ ಒಂದೇ ಕಡೆ ಬರುತ್ತವೆ. ಯಾವ ಸಿದ್ಧಾಂತವೂ ಹುಟ್ಟದಿದ್ದ ಕಾಲ ಅದು. ಹಾಗೆ ಬದುಕಿದವಳಿಗೆ ಅದನ್ನು ಬಿಡಿಬಿಡಿಯಾಗಿ ಬರೆಯುವುದೇ ಕಷ್ಟವಾಗುತ್ತಿತ್ತೇನೋ.

ಎರಡನೆಯದು ಅಮೆರಿಕದ ಕಪ್ಪು ಲೇಖಕಿ ಟೋನಿ ಮಾರಿಸನ್ ಅವರ 1970ರ ಮೊದಲ ಕಾದಂಬರಿ 'ದಿ ಬ್ಲೂಯೆಸ್ಟ್ ಐ'ಯ ಆರಂಭದ ಪುಟ. ಮಕ್ಕಳಿಗೆ ಓದು ಕಲಿಸುವ ಶಾಲಾ ಪುಸ್ತಕದ ಪಾಠವೊಂದರಿಂದ ಅದು ಶುರುವಾಗುತ್ತದೆ. ಚಂದದ ಮನೆ, ಅಪ್ಪ, ಅಮ್ಮ, ಅಣ್ಣ, ತಂಗಿ, ನಾಯಿ, ಬೆಕ್ಕು. ಅದೇ ಪಾಠ ಮತ್ತೆ ಬರುತ್ತದೆ, ಈ ಸಲ ಚುಕ್ಕಿ-ಅಲ್ಪವಿರಾಮವಿಲ್ಲದೆ. ಮೂರನೆಯ ಸಲ ಪದಗಳ ನಡುವೆ ಜಾಗವೂ ಇಲ್ಲದೆ. ಆ ಪಾಠದೊಳಗೆ ಜಾಗವಿಲ್ಲದ ಬಡ ಕಪ್ಪು ಹುಡುಗಿ ಪೆಕೋಲಾ ನೀಲಿ ಕಣ್ಣು ಬೇಕೆಂದು ದೇವರಲ್ಲಿ ಬೇಡಿಕೊಳ್ಳುತ್ತಾಳೆ. ಓಹಾಯೊದ ಆ ಕಥೆ ಇಲ್ಲಿಗೆ ಬಹಳ ದೂರ. ಆದರೆ ತರಗತಿಯಲ್ಲಿ ಅಂದು ಅದುವರೆಗೆ ಬಾಯಿ ಬಿಡದಿದ್ದ ಹುಡುಗಿಯರು ತಮ್ಮ ತಮ್ಮ ಒಂದನೇ ತರಗತಿಯ ಪುಸ್ತಕದಲ್ಲಿ ಯಾರ ಮನೆಯ ಚಿತ್ರ ಇತ್ತು ಅಂತ ಮಾತಾಡಿದರು. ಹೆಂಚಿನ ಮನೆ, ಅಂಗಳದಲ್ಲಿ ತುಳಸಿ ಕಟ್ಟೆ, ಪೇಪರ್ ಓದುವ ಅಪ್ಪ. ಗಾರೆ ಕಲಸುವ ಅಪ್ಪ, ಗೂಡು ಬೇಯಿಸುವ ಅಮ್ಮ ಯಾರ ನೆನಪಿನ ಚಿತ್ರದಲ್ಲೂ ಇರಲಿಲ್ಲ. ನಮ್ಮ ಹುಡುಗಿ ಅವತ್ತೂ ತಡವಾಗಿ ಬಂದಿದ್ದಳು. ಅದು ಮೊದಲ ಪೀರಿಯಡ್.

ಅಮ್ಮನ ಲೆಕ್ಕ

ಅವಳ ಮನೆಗೆ ಹೋಗಿದ್ದೆ. ಅಮ್ಮ ತೆಲುಗು-ಕನ್ನಡ ಬೆರೆಸಿ ಮಾತಾಡಿದರು. "ಕೂತ್ಕೊ ಬಾಮ್ಮ" ಅಂದು ಕುರ್ಚಿ ಒರೆಸಿ ಕೊಟ್ಟು ತಾವು ನೆಲದಲ್ಲಿ ಕೂತರು. ನಾನೂ ನೆಲಕ್ಕೆ ಬಂದೆ. ಹಾಸ್ಟೆಲ್ ಮಾತು ತೆಗೆದೆ. ಮಗಳನ್ನೂ ಚಿಕ್ಕಬಳ್ಳಾಪುರದ ಹಾಸ್ಟೆಲ್‌ಗೆ ಸೇರಿಸಿದ್ದರೆ ಈ ಬಸ್ಸು, ಬೆಳಗಿನ ಕೆಲಸ ಯಾವುದೂ ಇರುತ್ತಿರಲಿಲ್ಲ ಅಲ್ವಾ?

"ಇಬ್ರೂ ಹೋದ್ರೆ ಅಡ್ವಾನ್ಸು ನಾನೊಬ್ಳೇ ತೀರಿಸ್ಬೇಕು" ಅಂದರು. ಹಾಗಾದರೆ ಮಗ ಕೆಲಸ ಮಾಡಿ ಮಗಳು ಹಾಸ್ಟೆಲ್‌ಗೆ ಹೋಗಬಹುದಿತ್ತಲ್ಲ? ಅವರು ನಕ್ಕರು. ಆ ಘಟಕದಲ್ಲಿ ಬೇಸಿನ್ ಮುಂದೆ ಕೂರುವವರು ಹೆಂಗಸರೇ. ಹುಡುಗನನ್ನು ಕೂರಿಸಿದರೆ ಅವನೂ ಕೂರಲ್ಲ, ಅವರೂ ಕೂರಿಸಲ್ಲ. ಮತ್ತೆ ಅವನು ಓದಿದರೆ ಸಂಬಳ ಈ ಮನೆಗೆ ಬರುತ್ತೆ, ಇವಳು ಓದಿದರೆ ಹೋದ ಮನೆಗೆ. ಇಷ್ಟು ಹೇಳಿ ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು: "ನಂಗೇನು ಆಸೆ ಇಲ್ವಾ? ಡಿಗ್ರಿ ತನಕ ಓದ್ಸಿದೀನಿ. ನಮ್ಮ ಬೀದೀಲಿ ಯಾರ ಮಗಳು ಓದಿದಾಳೆ ಹೇಳು."

ಅದು ನಿಜ. ಅವಳು ಓದಿದ್ದು ಅಮ್ಮನ ಹಟದಿಂದಲೇ. ಅವಳು ಬೇಸಿನ್ ಮುಂದೆ ಕೂತದ್ದೂ ಅಮ್ಮನ ಲೆಕ್ಕದಿಂದಲೇ. ಒಂದೇ ಮನೆ, ಒಂದೇ ಜಾತಿ, ಒಂದೇ ಸಾಲ. ತಮ್ಮನ ಪಾಲಿಗೆ ಹಾಸ್ಟೆಲ್ ಸೀಟು, ಅಕ್ಕನ ಪಾಲಿಗೆ ಬಿಸಿನೀರು. ಎಸ್‌ಸಿ ವಿದ್ಯಾರ್ಥಿ ನಿಲಯದ ಯೋಜನೆ ಇಲ್ಲಿ ಸೋತಿಲ್ಲ. ಅದು ಆ ಮನೆಯ ಬಾಗಿಲ ತನಕ ಬಂದಿದೆ. ಒಳಗೆ ಯಾರ ಕೈಗೆ ಸಿಗಬೇಕೆಂದು ನಿರ್ಧರಿಸಿದ್ದು ಇನ್ನೊಂದು ಅಧಿಕಾರ. ಮನೆಯೊಳಗಿನ ತಾರತಮ್ಯ ಅಂತ ಅಮ್ಮನ ಮೇಲೆ ಹಾಕಿ ಕೈತೊಳೆದುಕೊಳ್ಳುವುದೂ ಆಗದು. ಅಡ್ವಾನ್ಸ್ ಇಲ್ಲದಿದ್ದರೆ ಆ ಲೆಕ್ಕವೇ ಹುಟ್ಟುತ್ತಿರಲಿಲ್ಲ. ಜಮೀನಿದ್ದಿದ್ದರೆ, ಕೆಲಸದಲ್ಲಿ ಬಿದ್ದವನಿಗೆ ಆಸ್ಪತ್ರೆಯ ಖರ್ಚು ಗುತ್ತಿಗೆದಾರ ಕೊಟ್ಟಿದ್ದರೆ, ಅಡ್ವಾನ್ಸೇ ಇರುತ್ತಿರಲಿಲ್ಲ.

ಏನಾಯಿತು, ಏನಾಗಲಿಲ್ಲ

ಸ್ಟಾಫ್ ಮೀಟಿಂಗಿನಲ್ಲಿ ನಾನು ಕೇಳಿದ್ದು ಸಣ್ಣದು. ಕೊನೆಯ ವರ್ಷದ ಕನ್ನಡ ಮತ್ತು ಸಮಾಜಶಾಸ್ತ್ರವನ್ನು ಮೊದಲ ಪೀರಿಯಡ್‌ನಿಂದ ತೆಗೆಯಿರಿ. ಕನ್ನಡ ಮೂರನೆಯದಕ್ಕೆ ಬಂತು. ಕೊರತೆಯಿದ್ದವರಿಗೆ ಮಧ್ಯಾಹ್ನ ಹೆಚ್ಚುವರಿ ತರಗತಿ ನಡೆಸಿದೆ. ಅದನ್ನು ಹಾಜರಾತಿಗೆ ಸೇರಿಸಲು ಪ್ರಾಂಶುಪಾಲರು ಒಪ್ಪಿದರು. ಅವಳ ಕನ್ನಡ ಪಾರಾಯಿತು.

ಸಮಾಜಶಾಸ್ತ್ರ ಪಾರಾಗಲಿಲ್ಲ. ಅದನ್ನು ಪಾಠ ಮಾಡುವವರು ಅತಿಥಿ ಉಪನ್ಯಾಸಕಿ. ಒಂದೇ ಕಾಲೇಜಿನ ಗೌರವಧನದಲ್ಲಿ ಮನೆ ನಡೆಯುವುದಿಲ್ಲ ಎಂದು ಮಧ್ಯಾಹ್ನ ಇನ್ನೊಂದು ಊರಿನ ಖಾಸಗಿ ಕಾಲೇಜಿಗೆ ಹೋಗುತ್ತಾರೆ. ಬೆಳಗಿನ ಮೊದಲೆರಡು ಪೀರಿಯಡ್ ಬಿಟ್ಟು ಬೇರೆ ಹೊತ್ತು ಅವರ ಕೈಯಲ್ಲಿಲ್ಲ, ಎರಡನೆಯದರಲ್ಲಿ ಅವರಿಗೆ ಬೇರೆ ತರಗತಿ. ಆ ಸೆಮಿಸ್ಟರ್‌ನಲ್ಲಿ ಅವರು ಮಾಡುತ್ತಿದ್ದ ಪಾಠ ಸಾಮಾಜಿಕ ಶ್ರೇಣೀಕರಣ, ಅಂದರೆ ಸಮಾಜದೊಳಗಿನ ಮೇಲು-ಕೆಳಗು. ನಗು ಬಂದರೆ ನಕ್ಕುಬಿಡಿ, ಅವರೂ ನಕ್ಕರು. ಹುಡುಗಿ ಆ ಒಂದು ಪತ್ರಿಕೆ ಬರೆಯಲಾಗಲಿಲ್ಲ. ಅದು ಬಾಕಿ ಇದೆ. ಹಾಜರಾತಿ ಇಲ್ಲದ್ದಕ್ಕೆ ಬರೆಯಲಾಗಲಿಲ್ಲವೇ ಹೊರತು ಫೇಲ್ ಆದದ್ದಲ್ಲ.

ಇತಿಹಾಸದ ಸರ್ ಜೊತೆ ನನ್ನ ವಾದ ಮಾತ್ರ ನಿಂತಿಲ್ಲ. ಅವರ ಮಾತು ಹೀಗೆ: "ನೀವು ಹೆಣ್ಣು ಅನ್ನೋದನ್ನ ಸೇರಿಸಿದ ಕೂಡಲೇ ಜಾತಿ ಹಿಂದಕ್ಕೆ ಸರಿಯುತ್ತೆ ಮೇಡಂ. ಆಮೇಲೆ ಎಲ್ಲಾ ಹೆಣ್ಣುಮಕ್ಕಳ ಕಷ್ಟ ಒಂದೇ ಅಂತ ಹೇಳ್ತೀರಿ, ಮುಂದಿನ ಬೆಂಚಿನವರೇ ಆ ಸೌಲಭ್ಯ ತಗೊಂಡು ಹೋಗ್ತಾರೆ." ಈ ಅನುಮಾನಕ್ಕೆ ಬುಡವಿದೆ. ಮಹಿಳಾ ಘಟಕದ ಬಹುಮಾನಗಳ ಪಟ್ಟಿ ತೆಗೆದರೆ ಅವರ ಮಾತು ಸುಳ್ಳಾಗುವುದಿಲ್ಲ. ಆದರೆ ನನ್ನ ಉತ್ತರವನ್ನೂ ಅವರ ವಾದದಿಂದಲೇ ತೆಗೆದೆ. ಎಸ್‌ಸಿ ಪಟ್ಟಿಯೊಳಗೆ ಎಲ್ಲರೂ ಒಂದೇ ಅಲ್ಲ ಎಂದು ಒಳಮೀಸಲಾತಿಗಾಗಿ ದಶಕಗಳಿಂದ ಹೋರಾಡಿದವರಲ್ಲಿ ಅವರೂ ಒಬ್ಬರು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಒಳವರ್ಗೀಕರಣಕ್ಕೆ ಅವಕಾಶವಿದೆ ಎಂದಾಗ ಸ್ಟಾಫ್ ರೂಮಿಗೆ ಸ್ವೀಟು ತಂದವರು. ಪಟ್ಟಿಯೊಳಗೆ ಮೇಲು-ಕೆಳಗು ಇದೆ ಎನ್ನುವುದಾದರೆ ಮನೆಯೊಳಗೂ ಇದೆ ಅನ್ನಬೇಕಲ್ಲ ಸರ್, ಅಂದೆ. ಅವರು ಸುಮ್ಮನಾಗಲಿಲ್ಲ. "ಇದೆ. ಆದ್ರೆ ಅದನ್ನ ನಮ್ಮ ಹೆಣ್ಣುಮಕ್ಕಳೇ ಹೇಳ್ಲಿ, ನೀವಲ್ಲ" ಅಂದರು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆ ಹುಡುಗಿಯ ಉತ್ತರ ಪತ್ರಿಕೆಯ ಜೆರಾಕ್ಸ್ ಅವರಿಗೆ ಕೊಟ್ಟೆ, ಅವಳನ್ನು ಕೇಳಿಯೇ.

ಈ ವರ್ಷ ಪ್ರವೇಶದ ಅರ್ಜಿಯ ಜೊತೆ ಒಂದು ಹಾಳೆ ಕೊಡುತ್ತಿದ್ದೇವೆ. ಬೆಳಗ್ಗೆ ಕಾಲೇಜಿಗೆ ಬರುವ ಮುಂಚೆ ಏನು ಕೆಲಸ ಮಾಡುತ್ತೀರಿ, ಎಷ್ಟು ಗಂಟೆಗೆ ಬಿಡುವಾಗುತ್ತದೆ? "ಇದೇನು ಕಾಲೇಜಾ, ಸೆನ್ಸಸ್ಸಾ?" ಅಂತ ಒಬ್ಬರು ಗೊಣಗಿದರು. ಹಾಳೆಗಳು ಬಂದವು. ಹಾಲು ಕರೆದು ಡೇರಿಗೆ ಹಾಕುವವರು, ಹೂ ಬಿಡಿಸುವವರು, ದ್ರಾಕ್ಷಿ ತೋಟಕ್ಕೆ ಹೋಗುವವರು, ಅಜ್ಜಿಗೆ ಸ್ನಾನ ಮಾಡಿಸುವವರು. ಕೆಲವು ಹುಡುಗರು "ಏನೂ ಇಲ್ಲ" ಎಂದು ಪ್ರಾಮಾಣಿಕವಾಗಿ ಬರೆದಿದ್ದಾರೆ. ವಾಣಿಜ್ಯದ ಮೇಡಂ ಇವನ್ನು ಹುಡುಗ-ಹುಡುಗಿ ಎಂದು ಎರಡು ಕಟ್ಟು ಮಾಡಿಟ್ಟಿದ್ದರು. ಇತಿಹಾಸದ ಸರ್ ಬಂದು ಎರಡನ್ನೂ ಬಿಚ್ಚಿ, ಜಾತಿವಾರು ಮತ್ತೆ ವಿಂಗಡಿಸಬೇಕು ಅಂದರು. ಈಗ ಇಬ್ಬರೂ ಒಂದೇ ಮೇಜಿನ ಮೇಲೆ ಆ ಕೆಲಸ ಮಾಡುತ್ತಿದ್ದಾರೆ, ಜಗಳವಾಡಿಕೊಂಡೇ. ಅದು ಮುಗಿದ ಮೇಲೆ ಟೈಮ್‌ಟೇಬಲ್ ಸಮಿತಿ ಕೂರುತ್ತದೆ.